ಫೆಬ್ರವರಿಯಲ್ಲಿ ಹಲಸಿನ ಹಣ್ಣಿನ ವೈನ್

ತಲೆಗೆ 1,800 ರೂಪಾಯಿ. ನಾನು, ನನ್ನ ಹೆಂಡತಿ, ಅಕ್ಕ, ಭಾವ ಸೇರಿ ನಾಲ್ಕು ಜನಕ್ಕೆ 7,200. ಇದು ರೂಮಿನ ಬಾಡಿಗೆಯಲ್ಲ, ಅದು ಬೇರೆ. ಇದು ‘ಮಲೆನಾಡು ವೈನ್ ಟೇಸ್ಟಿಂಗ್ ಮತ್ತು ಡಿನ್ನರ್’ ಎಂಬುದರ ದರ. ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟದ ನಡುವಿನ ಒಂದು ಹೋಂಸ್ಟೇ. ಫೋಟೋದಲ್ಲಿ ಉದ್ದ ಕಾಲಿನ ಗಾಜಿನ ಲೋಟ, ಮರದ ಪೀಪಾಯಿ, ಹಿಂದೆ ಮಂಜು. ಫೋಟೋ ಕಳಿಸಿದವನೂ ನಾನೇ, ಮುಂಗಡ ಕಟ್ಟಿದವನೂ ನಾನೇ, ಹಾಗಾಗಿ ಈಗಲೂ ಮನೆಯಲ್ಲಿ ಮಾತು ಕೇಳುತ್ತಿರುವವನೂ ನಾನೇ.

ಸಂಜೆ ಏಳಕ್ಕೆ ಜಗಲಿಯಲ್ಲಿ ಕೂರಿಸಿದರು. ಒಬ್ಬ ಹುಡುಗ ಸ್ಟೀಲ್ ತಟ್ಟೆಯಲ್ಲಿ ಪ್ಲಾಸ್ಟಿಕ್ ಕಪ್ಪುಗಳನ್ನು ತಂದ. ಕೆಮ್ಮಿನ ಔಷಧಿ ಕುಡಿಯಲು ಕೊಡುತ್ತಾರಲ್ಲ, ಅದರಷ್ಟೇ ಕಪ್ಪು. ದ್ರಾಕ್ಷಿ, ಅನಾನಸ್, ಮುರುಗಲು, ನೆಲ್ಲಿಕಾಯಿ, ಹಲಸು ಅಂತ ಐದು ಬಗೆ. ಮೊದಲ ಮೂರಕ್ಕೂ ಬಣ್ಣ ಬೇರೆ, ರುಚಿ ಒಂದೇ: ಸಕ್ಕರೆ ಪಾಕ, ಅದರ ಮೇಲೆ ಸ್ವಲ್ಪ ಖಾರ ಹತ್ತಿದ ಹಾಗೆ ಎಂಥದೋ ಬೆರಕೆ. ನೆಲ್ಲಿಕಾಯಿಯದು ಮಾತ್ರ ನಿಜವಾದದ್ದು. ತಳದಲ್ಲಿ ಗಸಿ ಇತ್ತು, ನಾಲಿಗೆಗೆ ಒಗರು ಹತ್ತಿತು. ಐದನೆಯದನ್ನು ಹುಡುಗ ಹೆಮ್ಮೆಯಿಂದ ಇಟ್ಟ.

“ಇದು ಹಲಸಿನ ಹಣ್ಣಿಂದು ಸಾರ್. ಹೋದ ವಾರ ಹಾಕಿದ್ದು, ಫ್ರೆಶ್.”

ನಮ್ಮ ಭಾವ ಸಾಗರದ ಕಡೆಯವರು, ಅಡಿಕೆ ತೋಟದಲ್ಲೇ ಬೆಳೆದವರು. “ಹೋದ ವಾರನಾ? ಫೆಬ್ರವರಿಲಿ ಹಣ್ಣು ಎಲ್ಲಿ ಸಿಕ್ತು ಮಾರಾಯ? ನಮ್ಮನೆ ಮರದಲ್ಲಿ ಈಗಿನ್ನೂ ಗುಜ್ಜೆ.”

“ಓನರನ್ನ ಕೇಳಿ ಸಾರ್” ಎಂದು ಹುಡುಗ ಒಳಗೆ ಹೋದವನು ಮತ್ತೆ ಬರಲಿಲ್ಲ. ಹೋದ ವಾರ ಹಾಕಿದ್ದು ಈ ವಾರ ವೈನ್ ಆಗುವುದೂ ಇಲ್ಲ, ಇನ್ನೂ ನೊರೆ ಏಳುತ್ತಿರುತ್ತದೆ.

ಊಟಕ್ಕೆ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಜೀರಾ ರೈಸ್. ಮಲೆನಾಡು ಅಂತ ಎಲೆಗೆ ಬಿದ್ದದ್ದು ಹಪ್ಪಳ ಒಂದೇ, ಅದೂ ಉದ್ದಿನದು. ಬೆಳಿಗ್ಗೆ ಬಿಲ್ ನೋಡಿದರೆ ‘ವೆಲ್ಕಮ್ ಜ್ಯೂಸ್ – 4’ ಎಂದು ಬರೆದಿದ್ದರು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿದ ವೈನನ್ನು ದುಡ್ಡಿಗೆ ಮಾರುವ ಹಾಗಿಲ್ಲ, ಅಬಕಾರಿಯವರು ಬಂದರೆ ಕಷ್ಟ, ಅದಕ್ಕೇ ಈ ಜಾಣತನ. ಜ್ಯೂಸ್ ಕುಡಿದವನು ವೈನ್ ಚೆನ್ನಾಗಿರಲಿಲ್ಲ ಎಂದು ಯಾರ ಹತ್ತಿರ ದೂರುವುದು? ನೀವು ಹೋಗುವುದಾದರೆ ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ. ವೈನ್ ಯಾವ ಕಂಪನಿಯದು? ಬಿಲ್ಲಿನಲ್ಲಿ ಏನೆಂದು ಬರೆಯುತ್ತೀರಿ? ತಡವರಿಸಿದರೆ ಅಲ್ಲಿಗೇ ಬಿಡಿ.

ಮಲೆನಾಡಿನಲ್ಲಿ ದ್ರಾಕ್ಷಿ ತೋಟ ಹುಡುಕುವುದೇ ತಪ್ಪು ಎಂದು ಭಾವ ಆ ರಾತ್ರಿ ಒಂದು ಪಾಠವನ್ನೇ ಮಾಡಿದರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ದ್ರಾಕ್ಷಿಗೆ ಒಣ ಹವೆ ಬೇಕು, ಒದ್ದೆಯಾದರೆ ಎಲೆಗೆ ಬೂಜು. ಅಡಿಕೆಗೆ ಕೊಳೆರೋಗ ಬರುವುದೂ ಇದೇ ಮಳೆಯಿಂದ. ಅದಕ್ಕೆ ಇವರೆಲ್ಲ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣ ಇದೆಯಲ್ಲ, ಅದು 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಬೂಜು ತಡೆಯಲು ಹುಟ್ಟಿದ್ದು. “ನಮಗೂ ವೈನಿಗೂ ಇರೋ ನೆಂಟಸ್ತನ ಅಷ್ಟೇ ಕಣಯ್ಯ. ಅವರು ಔಷಧಿ ಕೊಟ್ರು, ವೈನ್ ಅವರೇ ಇಟ್ಕೊಂಡ್ರು” ಅಂದರು. 7,200 ರೂಪಾಯಿಗೆ ಅಂದು ಸಿಕ್ಕ ಒಳ್ಳೆಯ ಮಾತು ಇದೊಂದೇ.

ನಿಜವಾದ ಟೇಸ್ಟಿಂಗ್ ಬೇಕೇ ಬೇಕು ಎನ್ನುವವರು ಬೆಂಗಳೂರಿನಿಂದ ಕಾರಿನಲ್ಲಿ ಹೊರಡುವುದಾದರೆ ಮೊದಲ ದಿನವೇ ದೊಡ್ಡಬಳ್ಳಾಪುರದ ಕಡೆ ಮುಗಿಸಿಬಿಡಿ. ನಂದಿ ಬೆಟ್ಟದ ತಪ್ಪಲು ನಮ್ಮ ರಾಜ್ಯದ ವೈನಿನ ಒಂದು ಸೀಮೆ, ಇನ್ನೊಂದು ವಿಜಯಪುರದ ಕಡೆಯ ಕೃಷ್ಣಾ ಕಣಿವೆ. ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ಜಂಪಾ ವೈನ್ ಕಂಪನಿಯ ತೋಟಕ್ಕೆ ಎರಡು ವರ್ಷದ ಹಿಂದೆ ನಾನು ಹೋಗಿದ್ದೆ. ಮೊದಲೇ ಬುಕ್ ಮಾಡಬೇಕು. ತೊಟ್ಟಿ, ಪೀಪಾಯಿ ಎಲ್ಲ ತೋರಿಸಿ, ಬಿಳಿಯದರಿಂದ ಶುರುಮಾಡಿ ಕೆಂಪಿಗೆ ಬರುತ್ತಾರೆ, ಸಿಹಿಯದು ಕೊನೆಗೆ. ಅಕ್ಟೋಬರಿನಲ್ಲಿ ಚಾಟನಿ ಮಾಡಿದ, ಅಂದರೆ ರೆಂಬೆ ಕತ್ತರಿಸಿದ ಬಳ್ಳಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ತೋಟ ನೋಡಲು ಆಗಲೇ ಚೆಂದ. ಅಲ್ಲಿಂದ ಡಾಬಸ್‌ಪೇಟೆಗೆ ಬಂದು ತುಮಕೂರು ರಸ್ತೆ ಹಿಡಿದರೆ ತಿಪಟೂರು, ಅರಸೀಕೆರೆ, ಕಡೂರು ದಾಟಿ ರಾತ್ರಿಗೆ ಶಿವಮೊಗ್ಗ. ಕಾರು ಓಡಿಸುವವನು ಮೂಸಿ ನೋಡಿ ಸುಮ್ಮನಿರಬೇಕು. ನಾವು ರೈಲಿನಲ್ಲಿ ಹೋದೆವು. ಮೈಸೂರು–ತಾಳಗುಪ್ಪ ರೈಲು ಶಿವಮೊಗ್ಗದಲ್ಲಿ ಬೆಳಕು ಹರಿಯುವ ಮೊದಲೇ ಇಳಿಸುತ್ತದೆ. ಆ ಹೊತ್ತಿನ ಆಟೋ ದರ ಕೇಳುವ ಬದಲು ಸ್ಟೇಷನ್ನಿನಲ್ಲೇ ಒಂದು ಗಂಟೆ ಕೂತು ಕಾಫಿ ಕುಡಿಯಿರಿ.

ನಮ್ಮೂರುಗಳ ‘ವೈನ್ಸ್’ ಎಂಬ ಬೋರ್ಡಿನ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ. ಶಿವಮೊಗ್ಗದಲ್ಲಿ ಮೂರನೆಯ ಅಂಗಡಿಯವನು ಒಳಗಿನಿಂದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನಿನ ಎರಡು ಬಾಟಲಿ ತಂದು, ಧೂಳು ಒರೆಸಿ ಕೊಟ್ಟ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ ಬಾಟಲಿ ಬೇಡ ಎನ್ನಿ. ತೀರ್ಥಹಳ್ಳಿಗೆ ಹೋಗಿ ಹುಡುಕೋಣ ಎಂದು ಕಾಯಬೇಡಿ, ಶಿವಮೊಗ್ಗದಲ್ಲೇ ತೆಗೆದುಕೊಳ್ಳಿ. ಗಣಪತಿ ಹಬ್ಬದ ನಂತರ ನಗರದಲ್ಲಿ ದೊಡ್ಡ ವಿಸರ್ಜನಾ ಮೆರವಣಿಗೆ ಆಗುವ ದಿನ ಮದ್ಯದಂಗಡಿ ಮುಚ್ಚಿಸುವುದುಂಟು, ಆ ವಾರ ಬರುವವರು ದಿನಾಂಕ ನೋಡಿಕೊಳ್ಳಿ.

ಆಮೇಲೆ ಬಸ್ಸು. ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್ ಚಿಲ್ಲರೆ. “ಸೀಟಿದೆ ಬನ್ನಿ ಬನ್ನಿ” ಎಂದು ಖಾಸಗಿ ಬಸ್ಸಿನ ಕಂಡಕ್ಟರ್ ಬ್ಯಾಗನ್ನು ಕಿತ್ತುಕೊಂಡೇ ಹತ್ತಿಸಿದ. ಸೀಟು ಎಂದರೆ ಡ್ರೈವರ್ ಪಕ್ಕದ ಎಂಜಿನ್ ಮೇಲಿನ ಹಲಗೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ಬಂತಂತೆ. ನನಗೆ ಕಂಡದ್ದು ಯಾರದೋ ಕಂಕುಳು. ಎರಡೂಕಾಲು ಗಂಟೆ. ಇಳಿದಾಗ ಬ್ಯಾಗಿನ ಬಾಟಲಿ ಮುಟ್ಟಿದರೆ ಕಷಾಯದ ಹಾಗೆ ಬಿಸಿ. ವೈನಿಗೆ ಬಿಸಿಯಷ್ಟು ಕೆಟ್ಟದ್ದು ಬೇರೆ ಇಲ್ಲ. ಒದ್ದೆ ಟವೆಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡಬೇಕಿತ್ತು, ಅಥವಾ ಸರ್ಕಾರಿ ಬಸ್ಸಿಗೆ ಅರ್ಧ ಗಂಟೆ ಕಾಯಬೇಕಿತ್ತು. ಒಂದು ಬಾಟಲಿಯ ರುಚಿ ಹೋಗಿಯೇ ಹೋಗಿತ್ತು. ಇನ್ನೊಂದು ಭಾವನ ಚೀಲದಲ್ಲಿ ಹಿಂದಿನ ಸೀಟಿನಲ್ಲಿದ್ದುದರಿಂದ ಬದುಕಿತು.

ಎರಡನೇ ದಿನ ಹೋಂಸ್ಟೇ ಬಿಟ್ಟು ತೀರ್ಥಹಳ್ಳಿ ಪೇಟೆಯಲ್ಲೇ 900 ರೂಪಾಯಿಯ ಲಾಡ್ಜ್ ಹಿಡಿದೆವು. ಬಸ್ ನಿಲ್ದಾಣದಿಂದ ತುಂಗೆಯ ಕಡೆ ಇಳಿಯುವ ದಾರಿಯಲ್ಲಿ ಒಂದು ಹೆಂಚಿನ ಮನೆ, ಬೋರ್ಡಿಲ್ಲ, ಮುಂದೆ ಸೌದೆ ಒಟ್ಟಿರುತ್ತದೆ, ಅದೇ ಗುರುತು. ಒಳಗೆ ನಾಲ್ಕು ಬೆಂಚು. ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ, ಸಸ್ಯಾಹಾರಿಗಳಿಗೆ ಅನ್ನ, ತಂಬುಳಿ, ಪಲ್ಯ. ಕಡುಬು ಕೈಯಲ್ಲಿ ಮುರಿದರೆ ಆವಿ ಏಳಬೇಕು, ಒಳಗೆ ಅಕ್ಕಿ ತರಿ ಸಿಗಬೇಕು, ಆದರೆ ಉದುರಬಾರದು. ಇಲ್ಲಿ ಹಾಗೇ ಇತ್ತು. ಸಾರಿಗೆ ಮೆಣಸಿನಕಾಯಿಗಿಂತ ಕಾಳುಮೆಣಸು ಮುಂದು. ಗಂಟಲಿಗಿಂತ ಕಿವಿಯ ಹಿಂದೆ ಬೆವರುತ್ತದೆ. ಎಳೆ ಅಪ್ಪೆಮಿಡಿಯ ಕಾಲ, ಉಪ್ಪಿನಲ್ಲಿ ಆಗಷ್ಟೇ ಬಿದ್ದ ಮಿಡಿಯನ್ನು ಎಲೆಯ ತುದಿಗೆ ಒಂದೊಂದು ಇಟ್ಟರು. ಕಚ್ಚಿದ ಕೂಡಲೇ ಜೀರಿಗೆಯಂಥ ಘಮ. ನನ್ನ ಹೆಂಡತಿ ಕೋಳಿ ಮುಟ್ಟುವವಳಲ್ಲ, ಅವಳು ತಂಬುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಮೂರು ಸಲ ಕುಡಿದಳು.

“ಅಕ್ಕ, ಸಾಕು” ಎಂದೆ ಬಡಿಸುತ್ತಿದ್ದ ಹೆಂಗಸಿಗೆ, ನಾಲ್ಕನೇ ಕಡುಬಿಗೆ.

“ಎಂತ ಸಾಕು? ಘಟ್ಟದ ಮೇಲೆ ಬಂದು ನಾಲ್ಕಕ್ಕೆ ಸಾಕು ಅಂದ್ರೆ ನಮಗೆ ಮರ್ಯಾದೆ ಉಂಟಾ?” ಎಂದು ಇನ್ನೊಂದು ಹಾಕಿದರು. ನಾಲ್ಕು ಜನಕ್ಕೆ 460 ರೂಪಾಯಿ. ಹೋಂಸ್ಟೇಯ ಐದು ಕೆಮ್ಮಿನ ಕಪ್ಪಿನ ಲೆಕ್ಕ ನೆನಪಾಗಿ ನಮ್ಮ ಅಕ್ಕ ನನ್ನ ಮುಖ ನೋಡಿದಳು.

ಸಂಜೆಗೆ ಅಲ್ಲಿಂದಲೇ ಸಾರು, ರೊಟ್ಟಿ ಕಟ್ಟಿಸಿಕೊಂಡೆವು. ಲಾಡ್ಜಿನ ಮ್ಯಾನೇಜರನ್ನು ಕೇಳಿಯೇ ಬದುಕಿದ ಬಾಟಲಿ ತೆಗೆದೆವು. ಫ್ರಿಜ್ ಇಲ್ಲ. ಒದ್ದೆ ಬಟ್ಟೆ ಸುತ್ತಿ ಬಕೆಟ್ಟಿನಲ್ಲಿ ನಿಲ್ಲಿಸಿ ಫ್ಯಾನಿನ ಕೆಳಗೆ ಎರಡು ಗಂಟೆ ಇಟ್ಟದ್ದೇ ಸಾಕಾಯಿತು. ತುಸು ಸಿಹಿ ಇರುವ ಬಿಳಿ ವೈನು ಕಾಳುಮೆಣಸಿನ ಸಾರಿಗೆ ಎಷ್ಟು ಹೊಂದಿತೆಂದರೆ, ವೈನೆಂದರೆ ಮೂಗು ಮುರಿಯುವ ಭಾವನೂ ಲೋಟ ಮುಂದೆ ಮಾಡಿದರು. ಕೆಂಪು ವೈನ್ ತರಬೇಡಿ, ಅದರ ಒಗರು ಮೆಣಸಿನ ಉರಿಯನ್ನು ಇಮ್ಮಡಿ ಮಾಡುತ್ತದೆ. ಅಪ್ಪೆಹುಳಿ, ಉಪ್ಪಿನಕಾಯಿ ಇದ್ದ ಎಲೆಗೆ ಯಾವ ವೈನೂ ಬೇಡ, ಆ ಹುಳಿಯ ಮುಂದೆ ನಿಲ್ಲುವುದಿಲ್ಲ.

ಮೂರನೇ ದಿನ ಜೋಗ. ಭಾನುವಾರ, ಜನ ಮುಗಿಬಿದ್ದಿದ್ದರು, ನೀರು ದಾರದಷ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ವಾರದ ನಡುವೆ ಹೋಗಿ. ಪತ್ರೊಡೆ, ಹಸಿ ಕಳಲೆ ತಿನ್ನುವ ಆಸೆಯಿದ್ದರೂ ಮಳೆಗಾಲವೇ ಸರಿ, ಅಪ್ಪೆಮಿಡಿಗೆ ಮಾತ್ರ ನಮ್ಮ ಹಾಗೆ ಫೆಬ್ರವರಿ.

ಹೆಂಚಿನ ಮನೆಯಲ್ಲಿ ಒಂದೂವರೆಗೆ ಕಡುಬು ಖಾಲಿ. ಸೋಮವಾರ ಕೋಳಿ ಮಾಡುವುದಿಲ್ಲ. ಪಾರ್ಸೆಲ್ಲಿಗೆ ಡಬ್ಬಿ ನೀವೇ ಒಯ್ಯಬೇಕು, ನಾವು ಸಾರನ್ನು ಲಾಡ್ಜಿನ ನೀರಿನ ಜಗ್ಗಿನಲ್ಲಿ ತಂದೆವು.