ಡಾಕ್ಟ್ರು ಬೇಡ ಅಂದ್ರು, ನಾನು ಆಯ್ತು ಅಂದಿದ್ದೇನೆ

14 ಸೆಪ್ಟೆಂಬರ್ 2025, ಭಾನುವಾರ
ಡೊಂಬಿವಲಿ

ನಿನ್ನೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು. ನೋಡಿದ್ರೆ ಇವರು ಹಾಸಿಗೆಯಲ್ಲಿ ಎದ್ದು ಕೂತಿದ್ದಾರೆ, ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕೈಯ ಬೆರಳು ನನ್ನ ಮೂಗಿನ ಕೆಳಗೆ. ಉಸಿರು ಕಟ್ಟದ ಹಾಗೆ ರಾತ್ರಿ ಹಾಕ್ಕೊಳ್ಳುವ ಮಷಿನ್ನಿನ ಮಾಸ್ಕನ್ನು ನಿದ್ದೆಯಲ್ಲಿ ನಾನೇ ಕಿತ್ತು ಹಾಕಿದ್ದೆ. ಎಂತ ಆಯ್ತು ಅಂದೆ. ಎಂತ ಇಲ್ಲ ಮಲ್ಕೊ ಅಂದ್ರು. ಬೆಳಿಗ್ಗೆ ಚಾ ಕುಡೀತಾ ಒತ್ತಾಯ ಮಾಡಿ ಕೇಳಿದ ಮೇಲೆ ಹೇಳಿದ್ರು, ನನ್ನ ಉಸಿರು ನಿಂತಾಗ ಅವರು ಮನಸ್ಸಲ್ಲೇ ಒಂದು ಎರಡು ಮೂರು ಅಂತ ಎಣಿಸ್ತಾರಂತೆ, ಸಾಧಾರಣ ಹದಿನೈದು ಇಪ್ಪತ್ತಕ್ಕೆ ನಾನೇ ಒಮ್ಮೆ ಗೊರ್ ಅಂತ ಉಸಿರು ಎಳ್ಕೊಳ್ತೇನಂತೆ, ನಿನ್ನೆ ಇಪ್ಪತ್ತೆಂಟಾದ್ರೂ ಇಲ್ಲ, ತಡೀಲಿಕ್ಕಾಗದೆ ಅಲುಗಾಡಿಸಿಬಿಟ್ರಂತೆ. ಎಷ್ಟು ದಿನದಿಂದ ಹೀಗೆ ಎಣಿಸ್ತಾ ಇದ್ದೀರಿ ಅಂದ್ರೆ ಉತ್ತರ ಇಲ್ಲ.

ಇದನ್ನೇ ಮೊದಲು ಬರೀತಿರುದು ಯಾಕಂದ್ರೆ, ನಾನು ತೂಕ ಇಳಿಸುವ ಸರ್ಜರಿ ಮಾಡಿಸ್ಲಿಕ್ಕೆ ಹೊರಟಿದ್ದೇನೆ, ಆ ಹೆಸರು ಕೇಳಿದ ಕೂಡ್ಲೆ ಜನ ಇವಳಿಗೆ ಈ ವಯಸ್ಸಲ್ಲಿ ಚಂದ ಕಾಣ್ಬೇಕಂತೆ ಅಂತ ತಿಳ್ಕೊಳ್ತಾರೆ. ನನ್ನ ಎತ್ತರ 158 ಸೆಂಟಿಮೀಟರ್, ತೂಕ 96 ಕೆಜಿ, ಬಿಎಂಐ, ಅಂದ್ರೆ ಎತ್ತರಕ್ಕೆ ತೂಕದ ಲೆಕ್ಕ, 38.5. ಶುಗರ್ 2017ರಿಂದ ಉಂಟು, ಎರಡು ಥರದ ಮಾತ್ರೆ ಮತ್ತೆ ರಾತ್ರಿ ಇನ್ಸುಲಿನ್ ತಗೊಂಡೂ ಮೂರು ತಿಂಗಳ ಸರಾಸರಿ ಶುಗರ್ (HbA1c) 9.2. ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ 42 ಸಲ ಉಸಿರು ಕಟ್ತದೆ ಅಂತ ಬಂತು, 30ರ ಮೇಲೆ ಹೋದ್ರೆ ಸಿವಿಯರ್ ಅಂತ ಲೆಕ್ಕ. ಮಂಡಿನೋವು ಬೇರೆ. ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಮಧ್ಯೆ ರೇಲಿಂಗ್ ಹಿಡ್ಕೊಂಡು ನಿಲ್ತೇನೆ, ಹಿಂದಿನಿಂದ ಬರುವವರು ಬೈತಾರೆ, ಅವರಿಗೂ ಗಾಡಿ ತಪ್ತದಲ್ಲ. ಮುಂಬಯಿ ಲೋಕಲ್ ಟ್ರೈನಿನ ಲೇಡೀಸ್ ಡಬ್ಬದಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಕೂರುದು ಈ ಊರಲ್ಲಿ ಎಲ್ಲರ ಹಕ್ಕು, ಫೋರ್ತ್ ಸೀಟ್ ಅಂತ ಹೆಸರೇ ಉಂಟು, ಸ್ವಲ್ಪ ಸರೀರಿ ಅಂತ ನಾನು ಮಾತ್ರ ಕೇಳದೆ ಎಂಟು ವರ್ಷ ಆಯ್ತು, ಒಮ್ಮೆ ಕೇಳಿದ್ದಕ್ಕೆ ಕಿಟಕಿ ಹತ್ರ ಇದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದ್ಲು. ಅವತ್ತಿಂದ ಘಾಟ್ಕೋಪರ್ ತನಕ ನಿಂತೇ ಹೋಗುದು.

ಈಗ ಡಾಕ್ಟ್ರ ವಿಷಯ. 2006ರಲ್ಲಿ ಮದುವೆ ಆಗಿ ಬ್ರಹ್ಮಾವರದಿಂದ ಇಲ್ಲಿಗೆ ಬಂದಾಗಿನಿಂದ ನಮ್ಮ ಮನೆಗೆ ಒಬ್ರೇ ಡಾಕ್ಟ್ರು, ಮರಾಠಿಯವರು, ಈಗ ಎಪ್ಪತ್ತು ದಾಟಿದೆ. ನಂಗೆ ಆವಾಗ ಮರಾಠಿ ಬರ್ತಿರ್ಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ, ಕೈಬಾಯಿ ಸನ್ನೆಯಲ್ಲಿ ಹೇಳಿದ್ದನ್ನೇ ಅರ್ಥ ಮಾಡ್ಕೊಂಡು ಮದ್ದು ಕೊಟ್ಟವರು. 2020ರಲ್ಲಿ ಕೋವಿಡ್ ಬಂದು ನಾನು ಮನೆಯಲ್ಲೇ ಬಿದ್ಕೊಂಡಿದ್ದಾಗ ದಿನಕ್ಕೆ ಎರಡು ಸಲ ಫೋನ್ ಮಾಡಿ ಆಕ್ಸಿಜನ್ ಎಷ್ಟು ತೋರಿಸ್ತಿದೆ ಅಂತ ಕೇಳಿದವರು. ನನ್ನನ್ನು ಬಾಳಾ, ಅಂದ್ರೆ ಮಗು, ಅಂತಲೇ ಕರೀತಾರೆ. ಹಾಗಾಗಿ ಜೂನಲ್ಲಿ ಈ ಸರ್ಜರಿ ಮಾತು ತೆಗೆದಾಗ ಅವರು ಹೇಳಿದ್ದು ನನ್ನ ಮನಸ್ಸಿಂದ ಇವತ್ತಿಗೂ ಹೋಗಿಲ್ಲ. ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಲ್ಲಿ ಆರೇಳು ಜನ. "ಬಾಯಿಗೆ ಬೀಗ ಹಾಕ್ಲಿಕ್ಕೆ ಆಗದವರು ಹೊಟ್ಟೆಗೆ ಬೀಗ ಹಾಕಿಸ್ಕೊಳ್ತಾರೆ" ಅಂದ್ರು ಮರಾಠಿಯಲ್ಲಿ, ಜೋರಾಗಿ. ನಾನು ಫೀಸು ಕೊಟ್ಟು ಎದ್ದು ಬಂದೆ, ರಿಕ್ಷಾದಲ್ಲಿ ಮನೆ ಬರುವ ತನಕ ಅತ್ತೆ.

ಬಾಯಿಗೆ ಬೀಗ ನಾನು ಹಾಕಿಲ್ವಾ? 2011ರಲ್ಲಿ ಆರು ತಿಂಗಳು ಎರಡು ಫುಲ್ಕ, ಬೇಯಿಸಿದ ತರಕಾರಿ, ರಾತ್ರಿ ಒಂದು ಲೋಟ ಮಜ್ಜಿಗೆ, ಅಷ್ಟೇ. ಮಗಳಿಗೆ ನೀರುದೋಸೆ ಹೊಯ್ದು ಕೊಟ್ಟು ನಾನು ಒಂದು ಚೂರು ಬಾಯಿಗೆ ಹಾಕ್ಲಿಲ್ಲ. 82 ಇದ್ದದ್ದು 71ಕ್ಕೆ ಬಂತು. ಆಮೇಲೆ ಶುರುವಾದ ಹಸಿವನ್ನು ಹೇಗೆ ಹೇಳ್ಲಿ, ಊಟ ಆಗಿ ಕೈ ತೊಳ್ಕೊಳ್ಳುವಾಗ್ಲೇ ಹೊಟ್ಟೆ ಮತ್ತೆ ಕರೀತಿತ್ತು, ರಾತ್ರಿ ಕನಸಲ್ಲಿ ಗಂಜಿ ಉಪ್ಪಿನಕಾಯಿ ಬರ್ತಿತ್ತು. ಒಂದು ವರ್ಷದಲ್ಲಿ 84. ಈಗ ಓದಿ ಗೊತ್ತಾಯ್ತು, ತೂಕ ಇಳಿಸಿದವರಲ್ಲಿ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಏರಿ, ವರ್ಷ ಕಳೆದ್ರೂ ಮೊದಲಿನ ಮಟ್ಟಕ್ಕೆ ಇಳಿಯುದಿಲ್ಲ ಅಂತ ಒಂದು ಅಧ್ಯಯನ ಪ್ರಕಟ ಆದದ್ದು ಅದೇ 2011ರಲ್ಲಿ. ನಾನು ಅಡುಗೆಮನೆಯಲ್ಲಿ ನಿಂತು ನನ್ನನ್ನೇ ಬೈಕೊಳ್ತಿದ್ದ ಅದೇ ವರ್ಷ.

ಸರ್ಜನ್ ಮೊದಲು ಹೇಳಿದ್ದು ಸ್ಲೀವ್. ಅಂದ್ರೆ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಮಾತ್ರ ಉಳಿಸುದು, ಆ ಗ್ರೆಲಿನ್ ಜಾಸ್ತಿ ಹುಟ್ಟುವ ಭಾಗವೂ ಅದರ ಜೊತೆಗೇ ಹೋಗ್ತದೆ. ತೆಗೆದದ್ದು ತೆಗೆದದ್ದೇ, ವಾಪಸ್ ಜೋಡಿಸ್ಲಿಕ್ಕಿಲ್ಲ. ಅಮ್ಮನಿಗೆ ಫೋನಲ್ಲಿ ಹೇಳಿದೆ. "ಹೊಟ್ಟಿ ಕೊಯ್ಸ್ಕಂಬುದ್ ಎಂತಕ್ ಮಗಾ" ಅಂತ ಅಳ್ಲಿಕ್ಕೆ ಶುರು, ಬೆಂಗಳೂರಲ್ಲಿ ಆ ಧಾರಾವಾಹಿ ಹುಡುಗಿ ಹೋದ್ಲಲ್ಲ ಅಂತ. 2022ರಲ್ಲಿ ಆದದ್ದು ಅದು, ಕೊಬ್ಬು ತೆಗೆಸ್ಲಿಕ್ಕೆ ಹೋಗಿ ಪಾಪ ಜೀವ ಹೋಯ್ತು. ಅದು ಚರ್ಮದಡಿಯ ಕೊಬ್ಬು ಅಮ್ಮ, ಇದು ಬೇರೆ ಅಂತ ಎಷ್ಟು ಹೇಳಿದ್ರೂ ಅವಳ ಹೆದರಿಕೆ ಹೋಗ್ಲಿಲ್ಲ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ, ಸ್ಟೇಪಲ್ ಹಾಕಿದಲ್ಲಿ ಲೀಕ್ ಆಗ್ಬಹುದು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗ್ಬಹುದು, ಸಾವಿರಕ್ಕೆ ಒಂದರಿಂದ ಮೂರು ಜನ ಉಳಿಯುದಿಲ್ಲ ಅಂತ ಸರ್ಜನ್ನೇ ಹೇಳಿದ್ದಾರೆ. ಅಮ್ಮನಿಗೆ ಆ ಲೆಕ್ಕ ನಾನು ಹೇಳಿಲ್ಲ.

ಜುಲೈಯಲ್ಲಿ ಸಿಟ್ಟು ಸ್ವಲ್ಪ ಇಳಿದ ಮೇಲೆ ಮತ್ತೆ ಡಾಕ್ಟ್ರ ಹತ್ರ ಹೋದೆ, ಹೋಗದೆ ನಡೆಯುದಿಲ್ಲ, ಶುಗರ್ ಮಾತ್ರೆ ಬರ್ಕೊಡುವವರು ಅವರೇ. ಈ ಸಲ ಮೆಲ್ಲ ಮಾತಾಡಿದ್ರು. ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ ಅದಾದ್ರೂ ನೋಡು ಅಂದ್ರು. ಮೌಂಜಾರೊ ಮಾರ್ಚಲ್ಲಿ ಬಂತು, ವೆಗೋವಿ ಜೂನಲ್ಲಿ. ನಾವು ಲೆಕ್ಕ ಹಾಕಿದ್ದೇವೆ. ಮೌಂಜಾರೊ 5 ಮಿಲಿಗ್ರಾಂ ವಯಲ್ ಬಿಡುಗಡೆ ಆದಾಗ 4,375 ರೂಪಾಯಿ, ವಾರಕ್ಕೊಂದು, ತಿಂಗಳಿಗೆ ಹದಿನೇಳು ಸಾವಿರದ ಮೇಲೆ, ನಿಲ್ಲಿಸಿದ್ರೆ ಹೆಚ್ಚಿನವರಿಗೆ ತೂಕ ವಾಪಸ್. ಮಗಳ ಕಾಲೇಜು ಫೀಸು ಕಟ್ಟುವ ಮನೆಯಲ್ಲಿ ಅದನ್ನು ಎಷ್ಟು ವರ್ಷ ಎಳೀಲಿಕ್ಕಾಗ್ತದೆ. ಔಷಧಿ ಕೆಟ್ಟದ್ದು ಅಂತ ನಾನು ಹೇಳುದಿಲ್ಲ, ಅದು ಸಾಕಾಗುವವರಿಗೆ ಸಾಕಾಗ್ಲಿ.

ಅವತ್ತು ಅವರು ಎರಡು ಮಾತು ಹೇಳಿದ್ರು. ಒಂದು, "ನೀನು ಹತ್ತು ವರ್ಷದಿಂದ ಆಸಿಡಿಟಿ ಮಾತ್ರೆ ನುಂಗ್ತಿದ್ದೀ, ಅದನ್ನು ಆ ಸರ್ಜನ್‌ಗೆ ಹೇಳಿದ್ಯಾ?" ಹೇಳಿರ್ಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ ಹಾಗೆ ಅಭ್ಯಾಸ ಆಗಿ ಹೋಗಿತ್ತು, ಅದೊಂದು ಕಾಯಿಲೆ ಅಂತಲೇ ತಲೆಗೆ ಬಂದಿರ್ಲಿಲ್ಲ. ಹೋಗಿ ಹೇಳಿದೆ, ಎಂಡೋಸ್ಕೋಪಿ ಮಾಡಿದ್ರು, ಹಯಾಟಸ್ ಹರ್ನಿಯಾ ಉಂಟು ಅಂತ ಬಂತು, ಅಂದ್ರೆ ಜಠರದ ಮೇಲಿನ ತುದಿ ಎದೆಗೂಡಿನ ಕಡೆಗೆ ಜಾರಿದೆ. ಸ್ಲೀವ್ ಮಾಡಿದವರಿಗೆ ಹುಳಿತೇಗು ಹೆಚ್ಚಾಗುದು ಗೊತ್ತಿದ್ದ ವಿಷಯ. ಸರ್ಜನ್ ಪ್ಲಾನೇ ಬದಲಾಯಿಸಿದ್ರು. ಈಗ ಬೈಪಾಸ್, ಜಠರದ ಮೇಲ್ಗಡೆ ದೊಡ್ಡ ನಿಂಬೆಹಣ್ಣಿನಷ್ಟು ಒಂದು ಚೀಲ ಬಿಟ್ಟು ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುದು, ಉಳಿದ ಜಠರ ಒಳಗೇ ಇರ್ತದೆ, ಊಟ ಮಾತ್ರ ಅಲ್ಲಿ ಹೋಗುದಿಲ್ಲ. ಶುಗರಿಗೂ ಇದೇ ಒಳ್ಳೇದಂತೆ, ಕೆಲವರಿಗೆ ತೂಕ ಇಳಿಯುವ ಮೊದಲೇ, ಆಪರೇಷನ್ ಆದ ಕೆಲವೇ ದಿನದಲ್ಲಿ ಇನ್ಸುಲಿನ್ ಕಡಿಮೆ ಆಗ್ತದಂತೆ. ಬೇಡ ಅಂದ ಮನುಷ್ಯ ಕೇಳಿದ ಒಂದು ಪ್ರಶ್ನೆಯಿಂದ ನಾನು ತಪ್ಪು ಸರ್ಜರಿಯಿಂದ ಉಳ್ಕೊಂಡೆ.

ಎರಡನೇ ಮಾತು ಇನ್ನೂ ಗಟ್ಟಿ. "ಸರ್ಜನ್ ಒಂದು ವರ್ಷ ನೋಡ್ತಾನೆ. ಹತ್ತು ವರ್ಷ ಆದ ಮೇಲೆ ಕೈಕಾಲು ಜುಮ್ಮೆಂದ್ರೆ ವಿಟಮಿನ್ ಬಿ12 ಕಡಿಮೆ ಆಗಿದೆ ಅಂತ ಯಾರು ನೋಡುದು? ಸಪ್ಲಿಮೆಂಟ್ ನಿಲ್ಲಿಸಿದ್ಯಾ ಅಂತ ಯಾರು ಬೈಯುದು?" ಉತ್ತರ ಇರ್ಲಿಲ್ಲ ನನ್ನ ಹತ್ರ. ಬೈಪಾಸ್ ಆದ್ರೆ ಬಿ12, ಐರನ್, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವ ತನಕ ತಗೊಳ್ತಾ ಇರ್ಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು, ನಾವು ಮೀನು ಮೊಟ್ಟೆ ಮುಟ್ಟದವರು, ತೊವ್ವೆ, ಪನ್ನೀರ್, ಪ್ರೋಟೀನ್ ಪುಡಿ ಎಲ್ಲ ಸೇರಿಸಿ ಅಷ್ಟು ಮಾಡ್ಬೇಕು. ಊಟದ ಜೊತೆ ನೀರು ಇಲ್ಲ, ಅರ್ಧ ಗಂಟೆ ಬಿಟ್ಟು. ಪಾಯಸ ಹೋಳಿಗೆ ತಿಂದ್ರೆ ಎದೆ ಡವಡವ, ಬೆವರು, ತಲೆಸುತ್ತು. ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರ್ತದೆ. ಮಗಳು ಇದೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರ್ದಿಟ್ಟಿದ್ದಾಳೆ, ಸ್ವೀಡನ್ನಿನ ದೊಡ್ಡ ಅಧ್ಯಯನದ್ದೂ ಬರ್ದಿದ್ದಾಳೆ, 1987ರಲ್ಲಿ ಶುರು ಆದದ್ದು, ಸರ್ಜರಿ ಮಾಡಿಸಿದವರಲ್ಲಿ ಸಾವು ಕಡಿಮೆ, ಆದ್ರೆ ಶುಗರ್ ಎರಡು ವರ್ಷಕ್ಕೆ ನೂರರಲ್ಲಿ 72 ಜನರಿಗೆ ಹೋಗಿದ್ದದ್ದು ಹತ್ತು ವರ್ಷಕ್ಕೆ 36 ಜನರಿಗೆ ಮಾತ್ರ ಹಾಗೇ ಉಳೀತು. ಅದನ್ನೂ ನನ್ನ ಮುಂದೆ ಓದಿದ್ಲು. ಗೊತ್ತಿದ್ದೇ ಹೋಗ್ತಿದ್ದೇನೆ. ಹತ್ತು ವರ್ಷ ಕಮ್ಮಿ ಶುಗರಲ್ಲಿ ಕಣ್ಣು ಕಿಡ್ನಿ ಉಳಿದ್ರೆ ಅದೂ ನಂಗೆ ದೊಡ್ಡದೇ.

ನಿನ್ನೆ ಸಂಜೆ ಹೋದದ್ದು ಒಪ್ಪಿಗೆ ಕೇಳ್ಲಿಕ್ಕಲ್ಲ. ಕ್ಲಿನಿಕ್ ಖಾಲಿ ಆಗುವ ತನಕ ಕಾದು ಒಳಗೆ ಹೋಗಿ ಬಾಗಿಲು ನಾನೇ ಹಾಕಿದೆ. "ಡಾಕ್ಟ್ರೇ, ನಾನು ಮಾಡಿಸ್ತೇನೆ, ದೀಪಾವಳಿ ಕಳೆದು ನವೆಂಬರಲ್ಲಿ. ನೀವು ಒಪ್ಪುದು ಬೇಡ. ಆದ್ರೆ ಆಮೇಲೆ ನನ್ನನ್ನು ನೋಡ್ತೀರಾ?" ಅಂದೆ. ಜೂನಲ್ಲಿ ಅವರು ಅಂದ ಮಾತು ನಂಗೆ ಎಷ್ಟು ನೋವಾಯ್ತು ಅಂತಲೂ ಹೇಳಿದೆ, ಗಂಟಲು ಕಟ್ಟಿತು, ಆದ್ರೂ ಪೂರ್ತಿ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸ್ತಾ ಇದ್ರು, ಒರೆಸ್ತಾ ಒರೆಸ್ತಾ ತುಂಬ ಹೊತ್ತು. ಕ್ಷಮೆ ಗಿಮೆ ಕೇಳ್ಲಿಲ್ಲ, ಆ ತಲೆಮಾರಿನವರು ಕೇಳುದೂ ಇಲ್ಲ. "ಇನ್ಶೂರೆನ್ಸ್‌ನವರು ಎಂತ ಕೇಳ್ತಿದ್ದಾರೆ" ಅಂದ್ರು.

ಇನ್ಶೂರೆನ್ಸ್‌ನ ನಿಯಮದ ಪ್ರಕಾರ ಬಿಎಂಐ 40 ಇರ್ಬೇಕು, ಇಲ್ಲಾಂದ್ರೆ 35ರ ಮೇಲಿದ್ದು ಹಾರ್ಟಿನ ಕಾಯಿಲೆಯೋ, ಸಿವಿಯರ್ ಸ್ಲೀಪ್ ಆಪ್ನಿಯಾವೋ (ನಿದ್ದೆಯಲ್ಲಿ ಉಸಿರು ಕಟ್ಟುದು), ಹತೋಟಿಗೆ ಬಾರದ ಶುಗರೋ ಇರ್ಬೇಕು, ಮತ್ತೆ ಬೇರೆ ದಾರಿಯಲ್ಲಿ ತೂಕ ಇಳಿಸ್ಲಿಕ್ಕೆ ನೋಡಿ ಆಗ್ಲಿಲ್ಲ ಅನ್ನುದಕ್ಕೆ ದಾಖಲೆ ಬೇಕು. ಆ ದಾಖಲೆ ನನ್ನ ಹತ್ರ ಒಂದೂ ಇಲ್ಲ, ಡಯಟ್ ಚಾರ್ಟು ಜಿಮ್ಮಿನ ರಸೀದಿ ಎಲ್ಲ ಯಾವಾಗ್ಲೋ ರದ್ದಿಗೆ ಹೋಗಿದೆ ಅಂದೆ.

ಅವರು ಎದ್ದು ಹಿಂದಿನ ಕಬ್ಬಿಣದ ಕಪಾಟಿಂದ ನನ್ನ ಕೇಸ್ ಪೇಪರ್ ತೆಗೆದ್ರು. ಹಳದಿ ಆದ ಹದಿನಾಲ್ಕು ಕಾರ್ಡು, ದಾರ ಕಟ್ಟಿದ್ದು. "ಜೆರಾಕ್ಸ್ ಮಾಡಿಸಿ ಸೋಮವಾರ ವಾಪಸ್ ತಂದು ಕೊಡು" ಅಂದ್ರು. ಮತ್ತೆ ಫೀಸು ತಗೊಳ್ಲಿಲ್ಲ.

ಇವತ್ತು ಬೆಳಿಗ್ಗೆ ಮಾನಪಾಡಾ ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ಕೌಂಟರ್ ಮೇಲೆ ಒಂದೊಂದೇ ಬಿಡಿಸಿ ಇಟ್ಟೆ. 2006, 58 ಕೆಜಿ. 2008, 74. 2011ರಲ್ಲಿ 82, ಅದರ ಕೆಳಗೆ 71, ಪಕ್ಕದಲ್ಲಿ ಗುಡ್ ಅಂತ ಬರ್ದು ಅಡಿಗೆರೆ. 2012, 84. 2015ರಲ್ಲಿ ಜಿಮ್ಮಿಗೆ ಹೋಗಿ 77. 2016, 89. 2019ರಲ್ಲಿ ಡಯಟಿಶಿಯನ್ ಕೊಟ್ಟದ್ದು ಮಾಡಿ 80. 2021, 94. ಹತ್ತೊಂಬತ್ತು ವರ್ಷ ನಾನು ಮಾಡಿದ್ದೆಲ್ಲ ಅವರ ಕೈಯಕ್ಷರದಲ್ಲಿ ಉಂಟು, ಒಂದೂ ಬಿಟ್ಟಿಲ್ಲ. ಕೊನೇ ಕಾರ್ಡಿನ ಕೊನೇ ಸಾಲುಗಳು ನಿನ್ನೆಯ ತಾರೀಕಿನದ್ದು, ನಾನು ಹೊರಟ ಮೇಲೆ ಕಂಪೌಂಡರ್ ಮತ್ತೆ ಕರೆದು ಆ ಕಾರ್ಡ್ ತಗೊಂಡು ಹೋಗಿ ವಾಪಸ್ ತಂದು ಕೊಟ್ಟಿದ್ದ, ಯಾಕಂತ ಆವಾಗ ಗೊತ್ತಾಗ್ಲಿಲ್ಲ. ಇಂಗ್ಲಿಷಲ್ಲಿ ಬರ್ದಿದ್ದಾರೆ. 96 ಕೆಜಿ. ಸರ್ಜರಿ ಬೇಡ ಅಂತ ಹೇಳಿದ್ದೇನೆ. ಪೇಷಂಟ್ ನಿರ್ಧಾರ ಮಾಡಿದ್ದಾರೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಬಿ12, ಐರನ್, ವಿಟಮಿನ್ ಡಿ ಇಲ್ಲಿ ನೋಡುವುದು.

ಅಂಗಡಿ ಹುಡುಗ ಎರಡೂ ಬದಿ ಮಾಡ್ಬೇಕಾ ಆಂಟಿ ಅಂತ ಕೇಳ್ತಾ ನಿಂತಿದ್ದ. ಎರಡೂ ಬದಿ ಅಂದೆ.