ಪಿ.ಟಿ. ಯಾರು ಕಟ್ಟಬೇಕು, ಯಾರು ಕಟ್ಟಬೇಕಾಗಿಲ್ಲ

"ಅಣ್ಣ, ಪಿ.ಟಿ. ತಪ್ಪಿಸ್ಲಿಕ್ಕೆ ಎಂತಾದ್ರೂ ದಾರಿ ಉಂಟಾ?"

ಮಂಗಳೂರಿನಲ್ಲಿ ಸಣ್ಣ ಅಂಗಡಿ, ಆಫೀಸುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪಿ.ಟಿ. ಅಂದರೆ ವೃತ್ತಿ ತೆರಿಗೆ. ಮದುವೆ ಊಟದ ಪಂಕ್ತಿಯಲ್ಲಿ ಅನ್ನಕ್ಕೆ ಸಾರು ಬೀಳುವ ಮೊದಲೇ ಈ ಪ್ರಶ್ನೆ ಬರುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವಾಗಲೂ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಚೆನ್ನಾಗಿ ದುಡಿಯುವವರು. ಅವರಿಗೆ ನನ್ನ ಉತ್ತರ ಇಷ್ಟೇ: ದಾರಿ ಇಲ್ಲ, ಕಟ್ಟಿ.

ವಿವರ ಬೇಕು ಅನ್ನುವವರಿಗೆ ಒಮ್ಮೆ ಬರೆದುಬಿಡುತ್ತೇನೆ. ತಿಂಗಳ ಸಂಬಳ 25,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳಿಗೆ 200 ರೂಪಾಯಿ ಕಡಿತ. 2025ರ ಏಪ್ರಿಲ್‌ನಿಂದ ಫೆಬ್ರವರಿಯಲ್ಲಿ ಮಾತ್ರ 300. ಒಟ್ಟು ವರ್ಷಕ್ಕೆ 2,500. ಸಂಬಳ 25,000ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಮೊದಲು ಈ ಮಿತಿ 15,000 ಇತ್ತು, 2023ರ ಏಪ್ರಿಲ್‌ನಲ್ಲಿ ಏರಿಸಿದರು. "ಕೈಗೆ ಬರುವುದು 23 ಸಾವಿರ, ಮತ್ತೆ ಯಾಕೆ ಕಡಿದರು?" ಅಂತ ಜಗಳಕ್ಕೆ ಬರಬೇಡಿ. ಲೆಕ್ಕಕ್ಕೆ ಹಿಡಿಯುವುದು ಪಿ.ಎಫ್. ಕಡಿಯುವ ಮೊದಲಿನ ಸಂಬಳ, ಭತ್ಯೆಗಳೂ ಸೇರಿ.

ಸ್ವಂತ ಉದ್ಯೋಗದವರು ತಾವೇ ಹೆಸರು ನೋಂದಾಯಿಸಿ, ಏಪ್ರಿಲ್ 30ರೊಳಗೆ ವರ್ಷದ 2,500 ಕಟ್ಟಬೇಕು. ವಕೀಲರು, ಡಾಕ್ಟರು, ಜಿ.ಎಸ್.ಟಿ. ನೋಂದಣಿ ಇರುವ ವ್ಯಾಪಾರಿಗಳು ಎಲ್ಲ ಇದರಲ್ಲಿ ಬರುತ್ತಾರೆ. ಈ ದುಡ್ಡು ಹೋಗುವುದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ. "ಪಾಲಿಕೆಗೆ ಟ್ರೇಡ್ ಲೈಸೆನ್ಸ್ ಫೀಸ್ ಕಟ್ಟಿದ್ದೇನಲ್ಲ" ಅನ್ನುವುದು ಉತ್ತರವಲ್ಲ. ಅದು ಬೇರೆ, ಇದು ಬೇರೆ.

ಎರಡನೆಯ ಪ್ರಶ್ನೆ ಸ್ವಲ್ಪ ಸಿಟ್ಟಿನಲ್ಲಿ ಬರುತ್ತದೆ. "ಇದು ತಲೆಗಂದಾಯವೇ ಅಲ್ವಾ? 25 ಸಾವಿರದ ನರ್ಸಿಗೂ 2,500, ತಿಂಗಳಿಗೆ ಐದು ಲಕ್ಷ ದುಡಿಯುವ ಡಾಕ್ಟರಿಗೂ 2,500!" ಈ ಸಿಟ್ಟು ನನಗೂ ಇದೆ. ಆದರೆ ಬೈಯುವ ಮೊದಲು ಕಾರಣ ತಿಳಿದಿರಲಿ. ಸಂವಿಧಾನದ 276ನೇ ವಿಧಿ ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಎಷ್ಟು ವೃತ್ತಿ ತೆರಿಗೆ ಪಡೆಯಬಹುದು ಅಂತ ಮಿತಿ ಹಾಕಿದೆ. ಮೊದಲು ಅದು 250 ರೂಪಾಯಿ. 1988ರ 60ನೇ ತಿದ್ದುಪಡಿ ಅದನ್ನು 2,500 ಮಾಡಿತು. ಅಲ್ಲಿಂದ ಈಚೆಗೆ ಬದಲಾಗಿಲ್ಲ. ಹಾಗಾಗಿ ಡಾಕ್ಟರಿಂದ ಜಾಸ್ತಿ ತೆಗೆದುಕೊಳ್ಳಲು ರಾಜ್ಯಕ್ಕೆ ಆಗುವುದಿಲ್ಲ. ನರ್ಸಿನಿಂದ ಕಡಿಮೆ ತೆಗೆದುಕೊಳ್ಳಲು ಆಗುತ್ತದೆ. ಅದನ್ನು ನಮ್ಮ ರಾಜ್ಯ ಮಾಡಿಲ್ಲ. 24,950 ಇದ್ದ ಸಂಬಳ 25,000 ಆದರೆ 50 ರೂಪಾಯಿ ಹೆಚ್ಚಿ 200 ರೂಪಾಯಿ ಹೋಗುತ್ತದೆ. ಇದು ತಪ್ಪು. ಹಂತ ಹಂತವಾಗಿ ಇಡಬೇಕಿತ್ತು.

ಹಂತ ಇಟ್ಟರೆ ಎಲ್ಲ ಸರಿಯಾಗುತ್ತದೆ ಅಂತಲೂ ಅಲ್ಲ. ಗಡಿಯ ತಲಪಾಡಿ ದಾಟಿ ನೋಡಿ. ಕೇರಳದಲ್ಲಿ ಈ ತೆರಿಗೆಯನ್ನು ಪಂಚಾಯತು, ನಗರಸಭೆಗಳೇ ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ, ಅಲ್ಲಿ ಹಂತಗಳಿವೆ. ಆದರೆ ಆ ಏಣಿಯ ತುದಿ ತುಂಬ ಕೆಳಗಿದೆ. ಅರ್ಧ ವರ್ಷದ ಆದಾಯ 1,25,000 ಮುಟ್ಟಿದರೆ ಅರ್ಧ ವರ್ಷಕ್ಕೆ 1,250. ಮಂಜೇಶ್ವರದ ಅಂಗಡಿಯಲ್ಲಿ ತಿಂಗಳಿಗೆ 22,000 ಸಿಗುವವನ ಅರ್ಧ ವರ್ಷದ ಆದಾಯ 1,32,000. ಅಂದರೆ ಅವನು ವರ್ಷಕ್ಕೆ ಪೂರ್ತಿ 2,500 ಕಟ್ಟಬೇಕು. ಅದೇ ಸಂಬಳಕ್ಕೆ ಅವನು ದಿನಾ ಬಸ್ಸಲ್ಲಿ ಬಂದು ಮಂಗಳೂರಿನ ಹಂಪನಕಟ್ಟೆಯಲ್ಲಿ ದುಡಿದರೆ ಒಂದು ರೂಪಾಯಿಯೂ ಇಲ್ಲ. ಮನೆ ಎಲ್ಲಿ ಅನ್ನುವುದು ಮುಖ್ಯವಲ್ಲ, ಕೆಲಸ ಎಲ್ಲಿ ಅನ್ನುವುದು ಮುಖ್ಯ.

ಕಟ್ಟುವವರಿಗೆಲ್ಲ ಒಂದೇ ಮೊತ್ತ ಅಂದಮೇಲೆ, ಕಷ್ಟದಲ್ಲಿರುವವರಿಗೆ ಉಳಿದಿರುವುದು ವಿನಾಯಿತಿಯ ಪಟ್ಟಿ ಮಾತ್ರ. "ತಪ್ಪಿಸ್ಲಿಕ್ಕೆ ದಾರಿ ಉಂಟಾ" ಅಂತ ಕೇಳಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಆ ಪಟ್ಟಿಯಲ್ಲಿರುವವರು ಯಾರೂ ನನ್ನನ್ನು ಕೇಳುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಒಂದು ಸಂಸ್ಥೆಯ ಸಂಬಳದ ಪಟ್ಟಿ ನೋಡುತ್ತಿದ್ದೆ. ಅಲ್ಲಿ ಬಿಲ್ ಬರೆಯುವವರೊಬ್ಬರು ಚಹಾ ತಂದುಕೊಟ್ಟರು. ಚಿಕ್ಕವರಿದ್ದಾಗ ಪೋಲಿಯೊ ಆಗಿ ಒಂದು ಕಾಲು ಸೋತಿದೆ. ಬೇಡ ಅಂದರೂ ಅವರೇ ತಂದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಪಿ.ಟಿ. 200 ಇತ್ತು.

"ನಿಮ್ಮ ಹತ್ತಿರ ಅಂಗವಿಕಲರ ಸರ್ಟಿಫಿಕೇಟ್ ಇಲ್ವಾ?" ಅಂತ ಕೇಳಿದೆ.

"ಉಂಟಲ್ಲ ಸರ್, ಬಸ್ ಪಾಸಿಗೆ ಮಾಡಿಸಿದ್ದು."

"ಆಫೀಸಿಗೆ ಕೊಟ್ಟಿದ್ದೀರಾ?"

"ಯಾಕೆ ಸರ್, ಕೆಲಸ ಮಾಡ್ಲಿಕ್ಕೆ ನಂಗೆ ತೊಂದರೆ ಏನಿಲ್ಲ."

ಅವರು ಹೆದರಿದ್ದರು. ಆ ಕಾಗದ ತೋರಿಸಿದರೆ ಕೆಲಸಕ್ಕೇ ಕುತ್ತು ಬಂದೀತು ಅಂತ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಶಾಶ್ವತ ಅಂಗವೈಕಲ್ಯ ಇದ್ದವರಿಗೆ ಈ ತೆರಿಗೆ ಇಲ್ಲವೇ ಇಲ್ಲ. ಅವರದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಮುಂದಿನ ತಿಂಗಳಿಂದ ಕಡಿತ ನಿಂತಿತು. ವರ್ಷಗಟ್ಟಲೆ ಹೋದದ್ದು ಹೋಯಿತು, ಅದನ್ನು ಕೇಳಲು ಅವರು ಒಪ್ಪಲೇ ಇಲ್ಲ. ಯಜಮಾನರು ಕೆಟ್ಟವರೇನಲ್ಲ. ಕಡಿದದ್ದನ್ನು ಪ್ರಾಮಾಣಿಕವಾಗಿ ಇಲಾಖೆಗೆ ಕಟ್ಟಿದ್ದರು. ಈ ನಿಯಮದ ವಿಷಯ ಆ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ. "ನಮ್ಮಲ್ಲಿ ಕಟ್ಟಬೇಕಾಗಿಲ್ಲದ ಯಾರಿಂದಾದರೂ ಕಡಿಯುತ್ತಿದ್ದೇವಾ?" ಇದನ್ನು ಕೇಳಿ, ಊಟದ ಎಲೆ ಬಿಟ್ಟು ಎದ್ದು ಬಂದು ಉತ್ತರ ಹೇಳುತ್ತೇನೆ.

ವಯಸ್ಸು 60 ದಾಟಿದವರನ್ನು ನೋಡಿ. ರಿಟೈರ್ ಆದ ಮೇಲೆ ಮತ್ತೆ ಲೆಕ್ಕಪತ್ರಕ್ಕೋ ಗೋಡೌನ್ ಉಸ್ತುವಾರಿಗೋ ಸೇರಿದ ಹಿರಿಯರು ನಮ್ಮ ಊರಿನ ಅಂಗಡಿಗಳಲ್ಲಿ ತುಂಬ ಜನ ಇದ್ದಾರೆ. ಅವರು ಕಟ್ಟಬೇಕಾಗಿಲ್ಲ. ಕಣ್ಣು ಕಾಣದವರು ಕಟ್ಟಬೇಕಾಗಿಲ್ಲ. ಸೈನ್ಯದಲ್ಲಿರುವವರಿಗೂ ಇಲ್ಲ. ಒಂದೇ ಮಗು ಇದ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ವಿನಾಯಿತಿ ಇದೆ. ಇದನ್ನು ಹೇಳಿದರೆ ಜನ ನಂಬುವುದೇ ಇಲ್ಲ, ಆದರೆ ನಿಜ. ಜಿಲ್ಲಾ ಸರ್ಜನ್ ಅಥವಾ ಸರ್ಕಾರಿ ಸಿವಿಲ್ ಸರ್ಜನ್ ಕೊಟ್ಟ ಸರ್ಟಿಫಿಕೇಟ್ ಬೇಕು. ಇಂಥ ವಿಷಯವನ್ನು ಆಫೀಸಿನಲ್ಲಿ ಎಲ್ಲರೆದುರು ಕೇಳಬೇಡಿ. ಕಾಗದ ಇದ್ದರೆ ಕೊಡಿ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿ, ಕೊಡುವವರು ಬಂದು ಕೊಡುತ್ತಾರೆ.

ಅಂಗಡಿ, ಆಫೀಸು ನಡೆಸುವವರು ಮಾಡಬೇಕಾದ್ದು ದೊಡ್ಡದೇನಲ್ಲ. ಸಂಬಳದ ಪಟ್ಟಿ ತೆಗೆಯಿರಿ. ಹುಟ್ಟಿದ ತಾರೀಕು ನೋಡಿ. ಅಂಗವಿಕಲರ ಕಾರ್ಡ್ ಕೊಟ್ಟರೆ ಕೆಲಸಕ್ಕೇನೂ ಆಗುವುದಿಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಿ. ಪ್ರತಿಯನ್ನು ಫೈಲಿನಲ್ಲಿಟ್ಟು ಕಡಿತ ನಿಲ್ಲಿಸಿ. ಫೆಬ್ರವರಿಯ 300 ಕಡಿಯುವ ಮೊದಲು ಇಷ್ಟು ಮಾಡಿ. ಪಟ್ಟಿ ನೋಡಲಿಕ್ಕೆ ನನ್ನನ್ನು ಕರೆದರೆ ಬರುತ್ತೇನೆ, ಅದಕ್ಕೆ ಫೀಸ್ ತೆಗೆದುಕೊಳ್ಳುವುದಿಲ್ಲ.