ಹೆಂಚಿನ ಮನೆಯಲ್ಲಿ ಫ್ಲ್ಯಾಶ್ ಎತ್ತ ತಿರುಗಿಸಬೇಕು?

ನಮ್ಮ ಕಡೆ ಹವ್ಯಾಸಿ ಫೋಟೋಗ್ರಾಫರ್ ಅಂದರೆ ಕಾಡು, ಹಕ್ಕಿ ಅಂತಲೇ ಲೆಕ್ಕ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಹಾಕಿಕೊಟ್ಟ ದಾರಿ, ತಪ್ಪೇನಿಲ್ಲ. ಆದರೆ ರಂಗನತಿಟ್ಟಿನಲ್ಲಿ ಕೊಕ್ಕರೆಯ ಒಂದೊಂದು ಗರಿಯನ್ನೂ ಎಣಿಸುವ ಹಾಗೆ ಹಿಡಿದು ತರುವ ನನ್ನ ಗೆಳೆಯರ ಮನೆಯಲ್ಲಿ ಅವರ ಅಮ್ಮನ ಒಂದು ನೆಟ್ಟಗಿನ ಫೋಟೋ ಇರುವುದಿಲ್ಲ. ಇದ್ದರೂ ಮೊಬೈಲಿನದ್ದು, ಅದೂ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ತೆಗೆದದ್ದು. ನಾನು ಹಕ್ಕಿಯ ಹಿಂದೆ ಹೋಗಲಿಲ್ಲ (ಆ ಲೆನ್ಸಿಗೆ ದುಡ್ಡಿಲ್ಲ ಅನ್ನುವುದೂ ಒಂದು ಕಾರಣ). ಮನೆಯವರನ್ನೇ ಹಿಡಿದುಕೊಂಡೆ. ಅವರು ಹಾರಿ ಹೋಗುವುದಿಲ್ಲ, ಆದರೆ ಬೈಯುತ್ತಾರೆ.

ನನ್ನ ಹತ್ತಿರ ಇರುವುದು ನಿಕಾನ್ ಡಿ5600, 35 ಎಂಎಂ ಎಫ್/1.8 ಲೆನ್ಸ್ (1.8 ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಅನ್ನುವ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು), ಗೋಡಾಕ್ಸ್ ಟಿಟಿ600 ಫ್ಲ್ಯಾಶ್, ಅದನ್ನು ದೂರದಿಂದ ಹೊಡೆಸುವ ಒಂದು ಟ್ರಿಗರ್. ಅಷ್ಟೇ. 50 ಎಂಎಂ ತಗೋ ಅಂತ ಎಲ್ಲರೂ ಹೇಳುತ್ತಾರೆ. ಈ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಅದು 75ರ ಹಾಗೆ, ಅಂದರೆ ಇನ್ನಷ್ಟು ಹತ್ತಿರ ಎಳೆದಂತೆ ಕಾಣುತ್ತದೆ, ನಮ್ಮ ಬೆಂಗಳೂರಿನ ಬಾಡಿಗೆ ಮನೆಯ ಹಾಲಿನಲ್ಲಿ ಇಬ್ಬರನ್ನು ಪೂರ್ತಿ ಹಿಡಿಯಬೇಕೆಂದರೆ ಅಡುಗೆಮನೆಯ ಸಿಂಕಿಗೆ ಬೆನ್ನು ತಾಗಿಸಿ ನಿಲ್ಲಬೇಕು. 35 ಆರಾಮ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸನ್ನು ಝೂಮ್ ಮಾಡಿದರೆ 5.6ಕ್ಕೆ ಬಂದು ನಿಲ್ಲುತ್ತದಲ್ಲ, ಅದಕ್ಕೆ ಹೋಲಿಸಿದರೆ 1.8 ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 6400 ಬೇಕಾದಲ್ಲಿ 640 ಸಾಕು. ಹೊಸ ಕ್ಯಾಮೆರಾ ಬಾಡಿ ಕೊಂಡರೂ ಇಷ್ಟು ಲಾಭ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಫ್ಲ್ಯಾಶ್ ಬಳಸುವುದು ಸುಲಭ. ಬಿಳಿ ಸೀಲಿಂಗ್ ಇದೆ, ಫ್ಲ್ಯಾಶಿನ ತಲೆ ಮೇಲಕ್ಕೆ ತಿರುಗಿಸಿ ಹೊಡೆದರೆ ಬೆಂಕಿಪೊಟ್ಟಣದಷ್ಟು ಇದ್ದ ಬೆಳಕು ಸೀಲಿಂಗಿನಷ್ಟು ಅಗಲವಾಗಿ ಕೆಳಗೆ ಇಳಿಯುತ್ತದೆ. ಬೆಳಕಿನ ಮೂಲ ಅಗಲವಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ, ಮುಖದ ಎಣ್ಣೆ ಜಿಡ್ಡು ಮಿಂಚುವುದಿಲ್ಲ, ರೇಷ್ಮೆ ಸೀರೆಯ ಜರಿ ಬೆಳ್ಳಗೆ ಸುಟ್ಟುಹೋಗುವುದಿಲ್ಲ. ಮದುವೆ ಆಲ್ಬಮ್ಮಿನ ಅರ್ಧ ರೋಗಕ್ಕೆ ಇದೇ ಮದ್ದು.

ಶಿರಸಿ ಹತ್ತಿರದ ನಮ್ಮ ಮನೆಗೆ ಬನ್ನಿ, ಅಲ್ಲಿ ಸೀಲಿಂಗೇ ಇಲ್ಲ. ಮೇಲೆ ಕಪ್ಪು ಜಂತಿ, ಅದರ ಮೇಲೆ ಹೆಂಚು. ಅತ್ತ ಹೊಡೆದ ಬೆಳಕು ಅತ್ತಲೇ ಹೋಯಿತು. ಬದಿಯ ಸುಣ್ಣದ ಗೋಡೆಗೆ ಹೊಡೆಯುವುದೇ ಅಲ್ಲಿ ದಾರಿ. ನನ್ನ ಪ್ರಕಾರ ಅದೇ ಸೀಲಿಂಗಿಗಿಂತ ಚೆನ್ನ. ಮೇಲಿನಿಂದ ಇಳಿಯುವ ಬೆಳಕು ಕಣ್ಣಿನ ಕೆಳಗೆ ಕಪ್ಪು ಮಾಡುತ್ತದೆ, ಬದಿಯಿಂದ ಬರುವುದು ಮೂಗು, ಕೆನ್ನೆ, ಸುಕ್ಕು ಎಲ್ಲಕ್ಕೂ ಆಕಾರ ಕೊಡುತ್ತದೆ. ಗೋಡೆ ದೂರ ಇದ್ದರೆ ಕೊಡೆಯ ಮೇಲೆ ಬಿಳಿ ಪಂಚೆ ಹರವಿ ಹಿಡಿಸುತ್ತೇನೆ. ಇನ್ನೊಂದು ಕಾಟ ರೆಡ್‌ಆಕ್ಸೈಡ್ ನೆಲದ್ದು. ಬಾಗಿಲಿನಿಂದ ಬಿದ್ದ ಬಿಸಿಲು ಆ ನೆಲಕ್ಕೆ ತಾಗಿ ಎದ್ದು ಎಲ್ಲರ ಗಲ್ಲದ ಕೆಳಗೂ ಕೆಂಪು ಬಳಿಯುತ್ತದೆ. ಅಲ್ಲೂ ಒಂದು ಪಂಚೆ ಹಾಸಿದರಾಯಿತು. ಹಿಂದೆಲ್ಲ ಗಣಪತಿ ಹಬ್ಬಕ್ಕೆ ತರುತ್ತಿದ್ದ ಥರ್ಮಾಕೋಲ್ ಹಾಳೆ ಉಳಿದಿದ್ದರೆ ಇನ್ನೂ ಒಳ್ಳೆಯದು. ತೋಟದೊಳಗೆ ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಅಡಿಕೆ ಸೋಗೆಯಿಂದ ಸೋಸಿ ಬಂದ ಬೆಳಕಿನಲ್ಲಿ ಮುಖವೆಲ್ಲ ಹಸಿರು, ಕಾಯಿಲೆ ಬಿದ್ದವರ ಹಾಗೆ. ಕಂಪ್ಯೂಟರಿನಲ್ಲಿ ಸರಿ ಮಾಡುತ್ತೇನೆ ಅಂತ ಹೋದರೆ ತೋಟದ ಹಸಿರೂ ಸತ್ತುಹೋಗುತ್ತದೆ.

ಬಣ್ಣದ ಗಲಾಟೆ ಇನ್ನೂ ಇದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್ 2700. ಕಿಟಕಿಯ ಪಕ್ಕ ಕೂರಿಸಿ ಬಲ್ಬನ್ನೂ ಬಿಟ್ಟರೆ ಅರ್ಧ ಮುಖ ನೀಲಿ, ಅರ್ಧ ಹಳದಿ. ಆದ್ದರಿಂದ ನಾನು ಮೊದಲು ಮಾಡುವ ಕೆಲಸ ಲೈಟ್ ಆರಿಸುವುದು. ಅಜ್ಜಿಗೆ ಇದು ಸುತರಾಂ ಆಗುವುದಿಲ್ಲ. "ತಮಾ, ಮುಸ್ಸಂಜೆ ಹೊತ್ತಲ್ಲಿ ದೀಪ ಆರ್ಸಡ" ಅಂತ ಗದರುತ್ತಾಳೆ. ಹಾಗಾಗಿ ಸಂಜೆ ಫೋಟೋ ಬೇಕಾದರೆ ಬಲ್ಬ್ ಉರಿಯಲಿ ಅಂತ ಬಿಟ್ಟು ಫ್ಲ್ಯಾಶಿಗೇ ಕಿತ್ತಳೆ ಬಣ್ಣದ ಜಿಲೇಟಿನ್ ಪೇಪರ್ ಸುತ್ತುತ್ತೇನೆ, ಶಾಲೆ ನಾಟಕದಲ್ಲಿ ಲೈಟಿಗೆ ಕಟ್ಟುತ್ತಿದ್ದರಲ್ಲ, ಅದೇ. ಆಗ ಎರಡೂ ಬೆಳಕು ಹೆಚ್ಚುಕಡಿಮೆ ಒಂದೇ ಬಣ್ಣ. ದೀಪಾವಳಿಯ ಹಣತೆ ಎದುರಿಗೆ ಇದು ತುಂಬಾ ಚೆನ್ನಾಗಿ ಬರುತ್ತದೆ, ಆದರೆ ಫ್ಲ್ಯಾಶಿನ ಶಕ್ತಿಯನ್ನು 1/128ಕ್ಕೆ ಇಳಿಸಬೇಕು, ಇಲ್ಲದಿದ್ದರೆ ಹಣತೆ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬ್ ಇರುವ ಮನೆಯಲ್ಲಿ ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿ ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, 1/250 ಹಾಕಿದರೆ ಕೆಲವೊಮ್ಮೆ ಫೋಟೋದ ತುಂಬ ಪಟ್ಟೆ. ರಿಂಗ್ ಲೈಟ್ ಬಗ್ಗೆ ಕೇಳಬೇಡಿ. ಅಪ್ಪನ ಕನ್ನಡಕದಲ್ಲಿ ಎರಡು ಬಳೆ ಕಾಣಿಸಿದ ದಿನವೇ ಅದನ್ನು ತಂಗಿಗೆ ಕೊಟ್ಟುಬಿಟ್ಟೆ.

ಗುಂಪು ಫೋಟೋದ ಕಥೆ ಬೇರೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೂರು ಸಾಲು ಆಗುತ್ತದೆ. ಮುಂದಿನ ಸಾಲು ಫ್ಲ್ಯಾಶಿನಿಂದ 2 ಮೀಟರ್, ಹಿಂದಿನ ಸಾಲು 3 ಮೀಟರ್ ದೂರ ಇದ್ದರೆ ಹಿಂದಿನವರಿಗೆ ಸಿಗುವುದು ಮುಂದಿನವರ ಅರ್ಧಕ್ಕಿಂತಲೂ ಕಡಿಮೆ ಬೆಳಕು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ ಅನ್ನುವ ಹೈಸ್ಕೂಲಿನ ಲೆಕ್ಕವೇ ಇದು. ಮಕ್ಕಳು ಬೆಳ್ಳಗೆ, ದೊಡ್ಡಪ್ಪಂದಿರು ಕಪ್ಪಗೆ. ಫ್ಲ್ಯಾಶನ್ನು ಹಿಂದಕ್ಕೆ ಒಯ್ದು 5 ಮೀಟರಿಗೆ ಇಟ್ಟರೆ ಹಿಂದಿನ ಸಾಲಿಗೂ ಮುಂದಿನವರ ಸುಮಾರು ಶೇಕಡಾ 70ರಷ್ಟು ತಲುಪುತ್ತದೆ. ಶಕ್ತಿ ಜಾಸ್ತಿ ಮಾಡಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ, ಏನು ಮಾಡುವುದು. ಮೂರೂ ಸಾಲು ಸ್ಪಷ್ಟವಾಗಿ ಬರಲಿ ಅಂತ ಅಪರ್ಚರ್ (ಅದೇ ಲೆನ್ಸಿನ ಬಾಯಿ) 8. ಕಣ್ಣು ಮುಚ್ಚುವವರು ಮುಚ್ಚಿಯೇ ಮುಚ್ಚುತ್ತಾರೆ, ಅದಕ್ಕೆ ಯಾವ ಸಲಕರಣೆಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಾನು ತೆಗೆದದ್ದರಲ್ಲಿ ಮನೆಯಲ್ಲಿ ಎಲ್ಲರೂ ಒಪ್ಪಿದ ಫೋಟೋಗಳಲ್ಲಿ ಹೆಚ್ಚಿನವು ಜಗಲಿಯವು. ಅಂಗಳದ ಬಿಸಿಲು ಒಳಗೆ ಬರುವುದಿಲ್ಲ, ಆದರೆ ಅದರ ಬೆಳಕು ಪೂರ್ತಿ ಬರುತ್ತದೆ. ಸ್ಟುಡಿಯೋದವರು ಬೆಳಕನ್ನು ಮೆತ್ತಗೆ ಮಾಡಲು ಸಾವಿರಾರು ರೂಪಾಯಿ ಕೊಟ್ಟು ತರುವ ಸಾಫ್ಟ್‌ಬಾಕ್ಸಿನ ಕೆಲಸವನ್ನು ನಮ್ಮಲ್ಲಿ ಬಡಗಿಯೇ ಮಾಡಿಟ್ಟಿದ್ದಾನೆ. ಕಂಬಕ್ಕೆ ಒರಗಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದ ಅಜ್ಜಿಯನ್ನು ಹಾಗೇ ತೆಗೆದೆ, 1/125, ಎಫ್/2.8, ಐಎಸ್‌ಒ 400. ಒಳಗೆ ಗಾಜಿನ ಹೆಂಚಿನ ಕೆಳಗೂ ಪ್ರಯತ್ನಿಸಿದ್ದೇನೆ. ಅದು ನಾಟಕದ ಸ್ಪಾಟ್‌ಲೈಟಿನ ಹಾಗೆ ಬೀಳುತ್ತದೆ, ಮಕ್ಕಳಿಗೆ ಚಂದ, ಮುದುಕರಿಗೆ ಸ್ವಲ್ಪ ಕ್ರೂರ.

ಜಗಲಿಯ ಫೋಟೋ ನೋಡಿ ಅಜ್ಜಿ ಇದನ್ನೇ ದೊಡ್ಡದು ಮಾಡಿಸಿ ಇಡು, ಆಮೇಲೆ ಹುಡುಕುತ್ತ ಕೂರಬೇಡಿ ಅಂದಳು. ಅಮ್ಮನಿಗೆ ಸಿಟ್ಟು ಬಂತು, ಅಜ್ಜಿಗೆ ನಗು. 8 ಇಂಚಿಗೆ 12 ಇಂಚು, ಮ್ಯಾಟ್ ಪೇಪರಿನಲ್ಲಿ ಮಾಡಿಸಿದೆ. ಆ ಅಳತೆಗೆ 6 ಮೆಗಾಪಿಕ್ಸೆಲ್ ಸಾಕು, ನನ್ನ ಕ್ಯಾಮೆರಾದಲ್ಲಿ 24 ಇದೆ. ಈಗ ಕೇರಿಯ ಹಿರಿಯರೆಲ್ಲ ತಮಗೂ ಒಂದು ಬೇಕು ಅಂತ ಹೇಳಿ ಕಳಿಸುತ್ತಿದ್ದಾರೆ. ಒಬ್ಬರು ಕೋಟು ಹಾಕಿಕೊಂಡೇ ತೆಗೆಸಿಕೊಳ್ಳಬೇಕಂತೆ. ಮುಂದಿನ ಸಲ ಊರಿಗೆ ಹೋಗುವ ಮೊದಲು ಒಂದು ಲೈಟ್ ಸ್ಟ್ಯಾಂಡ್ ಕೊಳ್ಳಬೇಕು, ಫ್ಲ್ಯಾಶ್ ಹಿಡಿದು ನಿಲ್ಲಲು ತಂಗಿ ಇನ್ನು ಒಪ್ಪುವ ಹಾಗೆ ಕಾಣುವುದಿಲ್ಲ.